ಒಂಬತ್ತು ಸಲ ಸತ್ತ ಹೆಡ್‌ಮಾಸ್ತರು

“ಮೊದಲನೇದು, ಮೀನಿನ ತೊಟ್ಟಿಯಲ್ಲಿ ಹೆಡ್‌ಮಾಸ್ತರ ಹಲ್ಲುಸೆಟ್ಟು ಸಿಕ್ಕಿದ್ದು,” ಅಂದರು ಅಪ್ಪ. “ಬರ್ಕೋ.”

ಅಕ್ಕ ಬರೆದುಕೊಂಡಳು. ತಮ್ಮ ಚಾಪೆಯ ಮೇಲೆ ಸರಿದು ಕೂತ. ಭಾನುವಾರ ಟೀವಿಯಲ್ಲಿ ಬರುವ ಆ ಕೊಲೆ ಧಾರಾವಾಹಿಯ ಆರು ವರ್ಷದ ಕಂತುಗಳಲ್ಲಿ ಹೆಡ್‌ಮಾಸ್ತರು ಎಂಬ ಪ್ರಾಣಿಯೇ ಇರಲಿಲ್ಲ. ಇದ್ದದ್ದು ಅವನ ತಲೆಯಲ್ಲಿ.

ಅವನನ್ನು ಎಲ್ಲರೂ ಕರೆಯುವುದು ಸಿಡುಕ ಎಂದು. ಆರನೇ ಕ್ಲಾಸಿನಲ್ಲಿ ಹೆಡ್‌ಮಾಸ್ತರು ಇಡೀ ತರಗತಿಯ ಮುಂದೆ ಒಂದೇ ಸಾಲನ್ನು ಹನ್ನೊಂದು ಸಲ ಓದಿಸಿ ನಗಿಸಿದರು. ಅವತ್ತು ಚೀಲ ಅಲ್ಲೇ ಬಿಸಾಡಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಈಗ ಗ್ಯಾರೇಜಿನಲ್ಲಿ ಕಾರುಗಳ ಸೊಟ್ಟ ಬಡಿಯುತ್ತಾನೆ. ಸಿಟ್ಟಿಗೆ ಸಂಬಳ ಕೊಡುವ ಕೆಲಸ ಅವನಿಗೆ ಗೊತ್ತಿರುವಂತೆ ಅದೊಂದೇ.

ಧಾರಾವಾಹಿ ಪರದೇಶದ್ದು. ಮಾತೆಲ್ಲ ಅಲ್ಲಿಯದು. ಅದರ ಅರ್ಥ ನಮ್ಮ ಅಕ್ಷರಗಳಲ್ಲಿ ಪರದೆಯ ಕೆಳಗಂಚಿನಲ್ಲಿ ಓಡುತ್ತಿತ್ತು. ಹದಿನಾಲ್ಕು ವರ್ಷ ಹೊರದೇಶದ ಹಡಗಿನ ಅಡುಗೆಮನೆಯ ಹೊಗೆ ಕುಡಿದದ್ದಕ್ಕೋ ಏನೋ, ಅಪ್ಪನ ಕಣ್ಣು ಪೂರ್ತಿ ಹೋಗಿತ್ತು.

“ನಮ್ಮ ಭಾಷೇದೇ ಹತ್ತು ಬರುತ್ತಲ್ಲಪ್ಪಾ, ಹಾಕ್ಲಾ?” ಎಂದು ಸಿಡುಕ ಶುರುವಿನಲ್ಲೇ ಕೇಳಿದ್ದ.

“ಬೇಡ. ಅದೇ ಇರ್ಲಿ. ನೀನು ಓದಿ ಹೇಳು.”

ಅಕ್ಕ ಆಸ್ಪತ್ರೆಯ ನರ್ಸು. ಭಾನುವಾರ ಅವಳಿಗೆ ಡ್ಯೂಟಿ. ಓದುವ ಪಾಳಿ ಓದು ಬಾರದವನ ತಲೆಗೇ ಬಂತು.

ಮೊದಲ ಭಾನುವಾರ ಅವನು “ನೀ… ವು… ನಿನ್… ನೆ…” ಎನ್ನುವಷ್ಟರಲ್ಲಿ ಸಾಲು ಮಾಯ. ಮುಂದಿನದೂ ಮಾಯ. ಅಪ್ಪ ಕಿವಿ ಇತ್ತ ತಿರುಗಿಸಿ ಕಾಯುತ್ತಿದ್ದರು. ನಾಚಿಕೆಯಿಂದ ಬೆವೆತುಹೋದ ಸಿಡುಕ ಬಾಯಿಗೆ ಬಂದದ್ದನ್ನು ಉದುರಿಸಿದ: “ನಿನ್ನೆ ಹೆಡ್‌ಮಾಸ್ತರ ಕೊಲೆ ಆಯ್ತಂತೆ.”

“ಹೌದಾ!” ಅಪ್ಪ ನೆಟ್ಟಗೆ ಕೂತರು. “ಯಾರು ಮಾಡಿದ್ದು?”

ಅಲ್ಲಿಂದ ಹಿಂದಿರುಗುವ ದಾರಿ ಇರಲಿಲ್ಲ. ಆರು ವರ್ಷಗಳಲ್ಲಿ ಹೆಡ್‌ಮಾಸ್ತರು ಒಂಬತ್ತು ಸಲ ಸತ್ತರು, ಒಮ್ಮೆ ಡಸ್ಟರ್ ನುಂಗಿ. ಗ್ಯಾರೇಜಿನ ಯಜಮಾನ ನಾಲ್ಕು ಸಲ ಜೈಲಿಗೆ ಹೋದ. ಪರದೆಯ ಮೇಲೆ ಅರವತ್ತು ದಾಟಿದ ಬೋಳುತಲೆಯ ಇನ್ಸ್‌ಪೆಕ್ಟರು, ಸಿಡುಕನ ಬಾಯಲ್ಲಿ ಆರನೇ ಕ್ಲಾಸಿಗೆ ಶಾಲೆ ಬಿಟ್ಟ, ಭಾರೀ ಬುದ್ಧಿವಂತ, ನೋಡಲೂ ಪರವಾಗಿಲ್ಲದ ತರುಣನಾದ.

“ಈ ಹುಡುಗನ ಧ್ವನಿ ಯಾಕೋ ಇಷ್ಟು ಮುದಿ?” ಎಂದು ಅಪ್ಪ ಒಮ್ಮೆ ಕೇಳಿದ್ದರು.

“ನೆಗಡಿ.”

“ಆರು ವರ್ಷದಿಂದ?”

“ಹಳೇ ನೆಗಡಿ.”

ಕೆಲವು ಸಲ ಹೆಣ ಬಿದ್ದ ಗಳಿಗೆಯಲ್ಲೇ ಅಪ್ಪ ಕಿಸಕ್ಕನೆ ನಗುತ್ತಿದ್ದರು. ಸಿಡುಕನಿಗೆ ಮೈಯೆಲ್ಲ ಉರಿಯುತ್ತಿತ್ತು. “ಸತ್ತಿದಾರೆ ಅಂತಿದೀನಿ, ನಗ್ತೀಯಲ್ಲಪ್ಪಾ!”

“ಚೆನ್ನಾಗಿ ಸತ್ತಿದಾರೆ ಕಣೋ, ಅದಕ್ಕೆ.”

ಈಗ ಧಾರಾವಾಹಿ ಮುಗಿಯುತ್ತಿತ್ತು. ಯಾವ ದೇಶದವರಾದರೂ ಸರಿ, ತಮಗೆ ಹಿಡಿಸಿದ ಮೂರು ದೃಶ್ಯ ತಿಳಿಸಿ ಎಂದು ತಯಾರಿಸಿದವರು ಕೇಳಿದ್ದರು. ಇವತ್ತೇ ಕೊನೆಯ ದಿನ. ರಜೆ ಹಾಕಿ ಮನೆಯಲ್ಲಿದ್ದ ಅಕ್ಕನಿಗೆ ಉತ್ಸಾಹವೋ ಉತ್ಸಾಹ.

“ಎರಡನೇದು,” ಅಪ್ಪ ಇನ್ನೊಂದು ಬೆರಳು ಮಡಿಸಿದರು. “ಇನ್ಸ್‌ಪೆಕ್ಟರು ಕೋರ್ಟಲ್ಲಿ ನಿಂತು ‘ಓದು ಬರ್ದೇ ಇರೋನಿಗೂ ಕಣ್ಣಿದೆ ಸ್ವಾಮಿ, ನೋಡೋರಿಗೆ ಇಲ್ಲ’ ಅಂದದ್ದು.”

“ಅಬ್ಬಾ, ಯಾರು ಬರೆದ್ರೋ ಪುಣ್ಯಾತ್ಮ!” ಅಂದಳು ಅಕ್ಕ.

“ಅವನು ಸಿಕ್ಕಿದ್ರೆ ಒಂದು ಮಾತು ಹೇಳ್ಬೇಕು ನಾನು.”

ಸಿಡುಕ ಚಾಪೆಯ ಅಂಚು ಕೀಳತೊಡಗಿದ.

“ಮೂರನೇದು ಆಮೇಲೆ ಹೇಳಪ್ಪಾ. ಯಾವ ಕಂತು ಅಂತ ಬೇರೆ ಹಾಕ್ಬೇಕಂತೆ.” ಅಕ್ಕ ಮೊಬೈಲು ತೆಗೆದಳು. “ಹಳೇವೆಲ್ಲ ಇದರಲ್ಲೇ ಇವೆ. ಒಂದೊಂದಾಗಿ ಹಾಕಿ ಓದ್ತಾ ಹೋದ್ರೆ ಆ ಹಲ್ಲುಸೆಟ್ಟು ಸಿಕ್ಕೇ ಸಿಗುತ್ತೆ.”

ಸಿಗುವುದಿಲ್ಲ. ‘ನಮ್ಮವನು ಎಲ್ಲ ಓದಿ ಹೇಳ್ತಾನೆ’ ಎಂದು ಅಪ್ಪ ಪಕ್ಕದ ಮನೆಯವರಿಗೆ ಆರು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಮಗನ ಬಗ್ಗೆ ಅವರು ಹೇಳಿಕೊಳ್ಳುತ್ತಿದ್ದ ಹೆಮ್ಮೆ ಅದೊಂದೇ. ಇನ್ನು ಐದು ನಿಮಿಷದಲ್ಲಿ ಅದೂ ಸಾಯುತ್ತಿತ್ತು. ಕೊಲೆಗಾರ ಯಾರೆಂದು ಹುಡುಕಲು ಇನ್ಸ್‌ಪೆಕ್ಟರು ಬೇಕಿರಲಿಲ್ಲ.

“ಇಡೇ ಅಕ್ಕಾ ಆ ಮೊಬೈಲು! ಯಾವಾಗ ನೋಡಿದ್ರೂ ಅದೇ!”

“ಏನೋ ನಿಂದು? ನಾನು ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ?”

“ಕಂತು ಗಿಂತು ಯಾವುದೂ ಬೇಡ,” ಅಂದರು ಅಪ್ಪ. “ಫೋನ್ ನಂಬರು ಕೊಟ್ಟಿಲ್ವಾ? ಹಾಕಿ ಕೊಡು. ನಾನೇ ಹೇಳ್ತೀನಿ.”

“ಅದು ಆ ದೇಶದ ನಂಬರಪ್ಪಾ. ನೀನು ಹೇಳಿದ್ದು ಅವರಿಗೆ ತಲೆಬುಡ ತಿಳಿಯಲ್ಲ.”

ಸಿಡುಕನಿಗೆ ಹೋದ ಜೀವ ಬಂತು. ತಲೆಬುಡ ತಿಳಿಯಲ್ಲ! ಇದಕ್ಕಿಂತ ಬೇರೆ ಭಾಗ್ಯ ಬೇಕೆ? ಆ ಕಡೆಯವರು ಎರಡು ಸಲ ಹಲೋ ಅಂದು ಇಟ್ಟುಬಿಡುತ್ತಾರೆ. ಅಪ್ಪನಿಗೂ ಹೇಳಿದ ಸಮಾಧಾನ. ಕೇಸು ಅಲ್ಲಿಗೆ ಮುಚ್ಚಿತು.

“ಅಪ್ಪ ಆಸೆ ಪಡ್ತಿದಾರೆ, ಕೊಡೇ ಇಲ್ಲಿ,” ಎಂದು ಮೊಬೈಲು ಕಿತ್ತುಕೊಂಡ. ಅಂಕಿಗಳು ಅವನಿಗೆ ಎಂದೂ ಕಾಟ ಕೊಟ್ಟಿರಲಿಲ್ಲ. ಒಂದೊಂದನ್ನೇ ಒತ್ತಿ, ಸ್ಪೀಕರು ಹಾಕಿ, ಅಪ್ಪನ ಕೈಗಿಟ್ಟ. ಎಂಥ ಒಳ್ಳೆಯ ಮಗ ಎಂದು ತನಗೆ ತಾನೇ ಅನ್ನಿಸಿತು.

ಫೋನು ರಿಂಗಾಯಿತು. ಅತ್ತ ಒಬ್ಬ ಹೆಂಗಸು ಧಾರಾವಾಹಿಯ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿ ನಿಲ್ಲಿಸಿದಳು. ಸಿಡುಕ ಪಾಪ ಎನ್ನುವ ಮುಖ ಮಾಡಿಕೊಂಡು ಕೂತ.

ಅಪ್ಪ ಮಗನ ಹೆಗಲ ಮೇಲೆ ಕೈ ಹಾಕಿ, ಗಂಟಲು ಸರಿಮಾಡಿಕೊಂಡು, ಒಂದು ಮಾತಿಗೂ ತಡವರಿಸದೆ, ಆ ಹೆಂಗಸಿನ ಭಾಷೆಯಲ್ಲೇ ಉತ್ತರ ಕೊಡತೊಡಗಿದರು.