ಹುಲ್ಲಿನೊಳಗಿನ ನೀಲಿ

ಈಗಲೂ ಮಾರಿಕುಪ್ಪಂ ರೈಲಿನ ಕಿಟಕಿಯಿಂದ ತಂತಿಯ ಮೇಲೆ ಕೂತ ಪಾಲಪಿಟ್ಟ ಕಂಡರೆ, ಅದು ರೆಕ್ಕೆ ಬಿಚ್ಚುವ ಮೊದಲೇ ಮುಖ ತಿರುಗಿಸಿಬಿಡುತ್ತೇನೆ.

ನೀಲಕಂಠ ಹಕ್ಕಿಗೆ ನಮ್ಮ ಕಡೆ ಹಾಗೆನ್ನುತ್ತಿದ್ದರು. ಅದರ ಗರಿಯನ್ನು ಹುಲ್ಲಿನಲ್ಲಿ ಬೆರೆಸಿ ತಿನ್ನಿಸಿದರೆ ಹಸು ಹೆಚ್ಚು ಹಾಲು ಕೊಡುತ್ತದೆಂದು ಅಜ್ಜಿಯ ನಂಬಿಕೆ. ನಮ್ಮ ಗೌರಿಯ ಹಾಲು ಇಳಿದುಹೋಗಿತ್ತು. ಒಂದು ಮಧ್ಯಾಹ್ನ ಅಪ್ಪ ಚಿನ್ನದ ಗಣಿಯ ಕಸದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಟವೆಲ್ಲಿನಲ್ಲಿ ಸುತ್ತಿದ ಹಕ್ಕಿಯೊಂದನ್ನು ತಂದ. ಮುದುರಿಕೊಂಡಿದ್ದಾಗ ಅದು ಬರೀ ಮಣ್ಣಿನ ಬಣ್ಣದ್ದು. ಅಜ್ಜಿ ರೆಕ್ಕೆ ಹಿಡಿದು ಬಿಡಿಸಿದಾಗ ಒಳಗಿನಿಂದ ನೀಲಿ ಹರಡಿಕೊಂಡಿತು. ತಿಳಿನೀಲಿ, ಅದರ ಪಕ್ಕಕ್ಕೇ ಇಂಕಿನಂಥ ಕಡುನೀಲಿ. ನಮ್ಮ ಮನೆಯ ಯಾವ ಸೀರೆಯಲ್ಲೂ ಅಂಥ ಬಣ್ಣವಿರಲಿಲ್ಲ. ಖುಷಿಗೆ ನಾನು ಚಪ್ಪಾಳೆ ತಟ್ಟಿದೆ.

ಅಜ್ಜಿ ಗರಿ ಕೀಳತೊಡಗಿದಾಗ ನನ್ನ ಕೈ ನಿಂತಿತು.

"ಸಾಯಲ್ಲ ಕಣೇ, ತಿರ್ಗಾ ಬತ್ತವೆ," ಅಂದಳು ಅಜ್ಜಿ.

ಕುಡುಗೋಲಿನಿಂದ ಗರಿಗಳನ್ನು ಸಣ್ಣಗೆ ಕತ್ತರಿಸಿ, ಹಸಿಹುಲ್ಲಿನಲ್ಲಿ ಕಲೆಸಿ, ಮಂಕರಿ ತುಂಬ ಗೌರಿಯ ಮುಂದಿಟ್ಟಳು. ಸಂಜೆ ಹಾಲು ಕರೆಯಲು ಹೋದಾಗ ಮಂಕರಿಯಲ್ಲಿ ಒಂದೆಸಳು ಹುಲ್ಲೂ ಉಳಿದಿರಲಿಲ್ಲ. ನೀಲಿ ಮಾತ್ರ ಹಾಗೇ ಇತ್ತು. ಗೌರಿ ನೆಕ್ಕಿ, ಒದ್ದೆ ಮಾಡಿ, ಅಷ್ಟನ್ನೂ ತಳದಲ್ಲಿ ಬಿಟ್ಟಿದ್ದಳು.

ಅಪ್ಪ ಅಜ್ಜಿಯ ಮುಖ ನೋಡಲಿಲ್ಲ. ಅಜ್ಜಿ ಅದನ್ನು ತಿಪ್ಪೆಗೆ ಸುರಿದು, ಮೇಲೆ ಸಗಣಿ ಎಳೆದು ಮುಚ್ಚಿದಳು.

"ಯಾರ್ಗೂ ಯೋಳ್ಬೇಡ ಕಣೇ."

ಮಧ್ಯಾಹ್ನ ಗರಿ ಕಿತ್ತು ಬಿಟ್ಟಿದ್ದ ಹಕ್ಕಿ ಇನ್ನೂ ಬೇಲಿಯ ಬುಡದಲ್ಲೇ ಇತ್ತು. ನಾವು ಮೂವರೂ ತಿರುಗಿದ್ದು ಕಂಡು, ಹಾರಿಹೋಗಲೆಂದು ಬರಿದಾದ ತೋಳುಗಳನ್ನು ಎತ್ತಿತು.