ಮೊದಲನೇ ಗುಂಡಿ

ಜಯಮಾಲಾ ಮೇಜಿನ ಕೆಳಗೆ ಬಗ್ಗಿ, ಶೈಲಶ್ರೀಯ ಪುಟ್ಟ ಕೀಪ್ಯಾಡಿನ ವೈರನ್ನು ಕಂಪ್ಯೂಟರಿನಿಂದ ಕಿತ್ತುಬಿಟ್ಟಳು. ಇಂಡಿ ಪಟ್ಟಣದ ಆ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುವುದರಲ್ಲಿ ಇಷ್ಟು ವರ್ಷ ಜಯಮಾಲಾಳನ್ನು ಮೀರಿಸಿದವರಿರಲಿಲ್ಲ. ಈಗ ಹೊಸದಾಗಿ ಬಂದ ಶೈಲಶ್ರೀ, ಅಣ್ಣ ಪುಣೆಯಿಂದ ತಂದುಕೊಟ್ಟ ಆ ಅಂಗೈಯಗಲದ ಪೆಟ್ಟಿಗೆಯ ಒಂದು ಗುಂಡಿ ಒತ್ತಿದರೆ ಸಾಕು, ಅದರಲ್ಲಿ ಮೊದಲೇ ತುಂಬಿಟ್ಟ ಇಡೀ ಸಾಲೇ ತೆರೆಯ ಮೇಲೆ ಮೂಡುತ್ತಿತ್ತು. ಗಿರಾಕಿಗಳೆಲ್ಲ ಅವಳ ಕುರ್ಚಿಯ ಹಿಂದೆಯೇ ನಿಂತು ಬಾಯಿ ಬಿಟ್ಟು ನೋಡುವಾಗ ಜಯಮಾಲಾಳ ಹೊಟ್ಟೆ ಉರಿಯುತ್ತಿತ್ತು.

ಚಹಾ ಕುಡಿದು ಬಂದ ಶೈಲಶ್ರೀ, ಮಗಳ ಲಗ್ನಪತ್ರಿಕೆಗೆಂದು ಕಾದಿದ್ದ ಗುರುಲಿಂಗಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಂಡಿ ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಅವಳ ಮುಖ ಸಪ್ಪಗಾಯಿತು. ಓರೆಗಣ್ಣಲ್ಲಿ ನೋಡುತ್ತಿದ್ದ ಜಯಮಾಲಾಳಿಗೆ ಒಳಗೊಳಗೇ ಹಾಯೆನಿಸಿತು.

“ಅಕ್ಕಾರ, ‘ನಮ್ಮ ಮನಿ ದೀಪ’ ಅಂತ ನೀವು ಕಟ್ಟಿದ ಸಾಲು ಬಾಯಿಲೆ ಹೇಳ್ರಿ, ಹೊಡಕೋತೇನಿ,” ಎಂದಳು ಶೈಲಶ್ರೀ, ಜಯಮಾಲಾಳ ಕಡೆ ತಿರುಗಿ. “ಹೆಣ್ಣಿನ ಕಡೆಯವರು ಬಂದ್ರ ಅದನ್ನ ಕೇಳ್ತಾರ. ಮೊದಲನೇ ಗುಂಡಿ ಅದಕ್ಕಂತನ ಇಟ್ಟೇನ್ರಿ.”

ಗುರುಲಿಂಗಪ್ಪನೂ ಜಯಮಾಲಾಳತ್ತ ತಿರುಗಿ ನೋಡಿದ. “ಅದನ್ನ ಬರದಾಕಿ ನೀ ಏನ್ ತಂಗಿ? ಬೀಗರ ಪತ್ರಿಕೆದಾಗ ಅದನ್ನ ಓದಿ ನಮ್ಮ ಮನಿಯಾಕಿ ಅತ್ತಿದ್ಳು. ಅದ ಬೇಕಂತ ಕಳಿಸ್ಯಾಳ.”

ಜಯಮಾಲಾಳ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಅವಳು ಎದ್ದು ಬಂದು ಮೇಜಿನ ಕೆಳಗೆ ಬಗ್ಗಿ ವೈರ್ ಸಿಕ್ಕಿಸಿದಳು. ತಲೆ ಎತ್ತಲಾಗದೆ ಅಲ್ಲಿಂದಲೇ, “ಈಗ ಒತ್ತವಾ,” ಎಂದಳು.