ದಾವಲಸಾಬರಿಗೆ ಸಿಗದ ಮಿಸ್ಸಿಂಗ್

ಮೊದಲೇ ಹೇಳಿಬಿಡುತ್ತೇನೆ... ಈ ಕಥೆಯಲ್ಲಿ ನಾಚಿಕೆಪಡಬೇಕಾದವನು ನಾನೇ.

ಗದಗದಲ್ಲಿ ನನ್ನದೊಂದು ಸಣ್ಣ ಸ್ಟೇಷನರಿ ಅಂಗಡಿ. ಜೊತೆಗೆ ಇಪ್ಪತ್ತೈದು ವರ್ಷದ ಹಳೇ ಕಾರು. ನನ್ನ ಹೆಂಡತಿ ಅದನ್ನು "ನಿಮ್ಮ ಎರಡನೇ ಸಂಸಾರ" ಎನ್ನುತ್ತಾಳೆ.

ಆ ಕಾರಿನ ಎಂಜಿನ್ನಿಗೆ ಮಿಸ್ಸಿಂಗ್ ಎಂಬ ರೋಗ ಶುರುವಾಯಿತು. ನಿಂತಲ್ಲೇ ನಡುಗುವುದು... ಏರು ಬಂದರೆ ಬಿಕ್ಕಳಿಸುವುದು...

ಮೆಕ್ಯಾನಿಕ್ ದಾವಲಸಾಬರ ಗ್ಯಾರೇಜಿಗೆ ಒಯ್ದೆ. ಪ್ಲಗ್ ಬದಲಾಯಿಸಿದರು. ಹೋಗಲಿಲ್ಲ. ಕಾರ್ಬೊರೇಟರ್ ಬಿಚ್ಚಿ ತೊಳೆದರು. ಆದರೂ ಹೋಗಲಿಲ್ಲ.

ಒಂದು ಕಾಲದಲ್ಲಿ ಗಾಡಿ ಗೇಟಿನ ಹತ್ತಿರ ಬರುವಾಗಲೇ ಸಪ್ಪಳ ಕೇಳಿ ರೋಗ ಹೇಳುತ್ತಿದ್ದ ಮನುಷ್ಯ ಇವರು!

ಬೇಕಂತಲೇ ಮಾಡುತ್ತಿದ್ದಾರೇನೋ ಎಂದು ನನಗೆ ಅನುಮಾನ. ಯಾಕೆಂದರೆ ನಮ್ಮ ನಡುವೆ ಈಗ ಮೊದಲಿನ ಸ್ನೇಹ ಇರಲಿಲ್ಲ.

ನಾನು, ದಾವಲಸಾಬರು, ಟೇಲರ್ ಮಹಾಲಿಂಗಪ್ಪ... ಇಪ್ಪತ್ತು ವರ್ಷ ದಿನಾ ಸಂಜೆ ಗ್ಯಾರೇಜಿನ ಎದುರಿನ ಹೋಟೆಲ್ ಕಟ್ಟೆಯ ಮೇಲೆ ಒಟ್ಟಿಗೆ ಚಹಾ ಕುಡಿದವರು. ಮಹಾಲಿಂಗಪ್ಪ ಬಾಯಿ ತೆಗೆದರೆ ತಮಾಷೆಯೇ. ಅದೂ ಮುಖ ಸಪ್ಪಗೆ ಮಾಡಿಕೊಂಡು ಹೇಳುತ್ತಿದ್ದ.

ಎಂಟು ತಿಂಗಳ ಹಿಂದೆ ಒಂದು ಸಂಜೆ ಅವನು ತಲೆ ತಗ್ಗಿಸಿಕೊಂಡು, ಸಾಕಿ ಬೆಳೆಸಿದ ಅಕ್ಕ ತೀರಿಕೊಂಡ ಸುದ್ದಿ ಹೇಳಿದ.

ದಾವಲಸಾಬರು ಜೋರಾಗಿ ನಕ್ಕುಬಿಟ್ಟರು...

ಮಹಾಲಿಂಗಪ್ಪ ಚಹಾ ಅಲ್ಲೇ ಬಿಟ್ಟು ಎದ್ದುಹೋದ. ಮರುದಿನದಿಂದ ದಾವಲಸಾಬರು ಕಟ್ಟೆಗೆ ಬರಲಿಲ್ಲ.

"ಸೊಕ್ಕು ಬಂದೈತಿ ಬಿಡ್ರಿ" ಎಂದ ಮಹಾಲಿಂಗಪ್ಪ. ನಾನೂ ಹೂಂಗುಟ್ಟಿದೆ.

ಮೂರನೇ ಸಲ ಕಾರು ಒಯ್ದದ್ದು ಒಂದು ಮಧ್ಯಾಹ್ನ. ದಾವಲಸಾಬರು ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ನಿಂತಿದ್ದರು. ಹಳೇ ಮೆಕ್ಯಾನಿಕ್‌ಗಳು ಎಂಜಿನ್ ಒಳಗಿನ ಸಪ್ಪಳ ಕೇಳುವುದು ಹೀಗೆಯೇ.

"ಏನಾತ್ರಿ?" ಎಂದು ಹಿಂದಿನಿಂದ ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ತಿರುಗಿಯೂ ನೋಡಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತು. ಕಾರಿನಲ್ಲಿ ಕೂತು ಸಿಟ್ಟಿನಿಂದ ಹಾರ್ನ್ ಒತ್ತಿಹಿಡಿದೆ. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು.

ಬಾನೆಟ್ ಒಳಗೆ ಕೂಗುತ್ತಿದ್ದ ಹಾರ್ನಿನ ಮೇಲೇ ತಲೆ ಬಾಗಿಸಿದ್ದ ದಾವಲಸಾಬರು ಬೆಚ್ಚಿಬೀಳಲಿಲ್ಲ... ಕಣ್ಣೂ ಮಿಟುಕಿಸಲಿಲ್ಲ.

ಇಳಿದು ಹೋಗಿ ಅವರೆದುರು ನಿಂತೆ.

"ದಾವಲಸಾಬ್ರ... ಕಿವಿ ಕೇಳಂಗಿಲ್ಲೇನ್ರಿ?"

ಅವರು ನನ್ನ ತುಟಿಯನ್ನೇ ನೋಡಿದರು. ಸ್ಕ್ರೂಡ್ರೈವರ್ ನಿಧಾನವಾಗಿ ಕೆಳಗಿಳಿಯಿತು.

"ಎಡಗಿವಿ ಪೂರಾ ಹೋಗೈತ್ರಿ ಸಾವ್ಕಾರ್ರ. ಬಲಗಿವಿಯಾಗ ಬರೇ ಗುಂಯ್ ಅಂತೈತಿ. ಎದುರು ನಿಂತು ಮಾತಾಡಿದ್ರ ತುಟಿ ನೋಡಿ ಒಂದೀಟು ತಿಳೀತೈತಿ."

"ನಮಗರ ಹೇಳಬಾರದೇನ್ರಿ?"

"ಕಿವುಡ ಮೇಸ್ತ್ರಿ ಕೈಯಾಗ ಯಾರು ಗಾಡಿ ಕೊಡ್ತಾರ್ರಿ? ನನಗ ಉಳದದ್ದು ಇದೊಂದ..."

ಹೆಂಡತಿ ತೀರಿಹೋದ ಮೇಲೆ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅವರೊಬ್ಬರೇ ಇದ್ದರು. ಮಾತಾಡಲು ಯಾರೂ ಇಲ್ಲ. ಈಗ ಎಂಜಿನ್ನೂ ಮಾತು ಬಿಟ್ಟಿತ್ತು.

ಅವರು ಸ್ಕ್ರೂಡ್ರೈವರ್ ಬದಿಗಿಟ್ಟು ಹೇಳಿದರು... "ಇವತ್ತ ನಿಮ್ಮ ಕಿವಿ ಕೊಡ್ರಿ. ನಾ ಒಂದೊಂದ ಪ್ಲಗ್ ವೈರ್ ತಗೀತೀನಿ. ಸಪ್ಪಳ ಕುಸದ್ರ ಕೈ ಎತ್ರಿ. ತಗದ್ರೂ ಸಪ್ಪಳ ಬದಲಾಗಲಿಲ್ಲಂದ್ರ, ಅದು ಕೆಲಸ ಮಾಡಾಕತ್ತಿಲ್ಲ ಅಂತ ತಿಳಕೋರಿ."

ರಬ್ಬರ್ ಹಿಡಿಕೆಯ ಇಕ್ಕಳದಿಂದ ಮೊದಲನೇ ವೈರ್ ತೆಗೆದರು. ಎಂಜಿನ್ ಕುಸಿಯಿತು. ಕೈ ಎತ್ತಿದೆ. ಎರಡನೆಯದಕ್ಕೂ ಎತ್ತಿದೆ.

ಮೂರನೆಯದು ತೆಗೆದರು... ಎಂಜಿನ್ ಹಾಗೆಯೇ ಓಡುತ್ತಿತ್ತು. ನನ್ನ ಕೈ ಮೇಲೇಳಲಿಲ್ಲ.

"ಇದ" ಎಂದರು. ಬೇರೆ ವೈರ್ ಹಾಕಿದೊಡನೆ ಮಿಸ್ಸಿಂಗ್ ಮಾಯ. ಹಳೆಯದು ಹೊರಗೆ ಚೆನ್ನಾಗಿಯೇ ಇತ್ತು. ಒಳಗೆ ತುಂಡಾಗಿತ್ತು.

ನಾನು ಖುಷಿಯಲ್ಲಿದ್ದೆ. ಅವರು ಆ ವೈರನ್ನು ಕೈಯಲ್ಲಿ ಹಿಡಿದು ಕೇಳಿದರು...

"ಮಾತು ಕೇಳದಂಗಾಗಿ ನಾ ಹೋಟೆಲ್ ಕಟ್ಟಿಗೆ ಬರೂದು ಬಿಟ್ಟು ಎಂಟು ತಿಂಗಳಾತ್ರಿ ಸಾವ್ಕಾರ್ರ. ನಿಮಗ ಸಪ್ಪಳದಾಗ ಏನರ ಫರಕ್ ಆತೇನ್ರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ಸುಮ್ಮನೆ ಕೇಳಿದರು.

ನಾನೂ ಮಹಾಲಿಂಗಪ್ಪನೂ ಒಂದು ವಾರ ಅವರನ್ನು ಬೈದುಕೊಂಡೆವು. ಆಮೇಲೆ ಇಬ್ಬರೇ ಚಹಾ ಕುಡಿಯುವುದು ರೂಢಿಯಾಯಿತು. ರಸ್ತೆ ದಾಟಿದರೆ ಮೂವತ್ತು ಹೆಜ್ಜೆ... ಅವರನ್ನು ಕೇಳಲೆಂದು ಒಂದು ದಿನವೂ ದಾಟಲಿಲ್ಲ.

"ಮಾಲಿಂಗಪ್ಪ ಅವತ್ತ ಯಾಕ ಎದ್ದು ಹ್ವಾದ ಅಂತ ನನಗ ಇನ್ನೂ ಗೊತ್ತಿಲ್ರಿ" ಎಂದರು.

ಎದುರು ನಿಂತು, ಬಿಡಿಸಿ ಬಿಡಿಸಿ ಹೇಳಿದೆ. "ಅವರ ಅಕ್ಕ ತೀರಿಕೊಂಡಿದ್ರು ದಾವಲಸಾಬ್ರ..."

ಅವರ ಮುಖ ಬಿಳಿಚಿಕೊಂಡಿತು.

"ಯಾ ಅಲ್ಲಾ... ಚಾಷ್ಟಿ ಅಂತ ತಿಳದು ನಾ ನಕ್ಕೆನಲ್ರಿ!"

ಕೈಯ ಎಣ್ಣೆಯನ್ನೂ ಒರೆಸಿಕೊಳ್ಳದೆ ರಸ್ತೆ ದಾಟಿದರು. ನಾನು ಹಿಂದೆಯೇ ಓಡಿದೆ. ಆಚೆ ಬದಿಯ ಟೇಲರ್ ಅಂಗಡಿಗೆ ನುಗ್ಗಿ ಮಹಾಲಿಂಗಪ್ಪನ ಎರಡೂ ಕೈ ಹಿಡಿದುಕೊಂಡರು.

"ಅಕ್ಕಾರು ಹೋದ್ರಂತಲ್ಲೋ ತಮ್ಮಾ..."

ಎಂಟು ತಿಂಗಳ ಹಳೇ ಸಾವಿಗೆ ಆ ದೊಡ್ಡ ಮನುಷ್ಯ ಈಗ ತಾನೇ ಸುದ್ದಿ ಬಂದವರಂತೆ ಬಿಕ್ಕಿ ಬಿಕ್ಕಿ ಅತ್ತರು.

ಮಹಾಲಿಂಗಪ್ಪ ನನ್ನ ಕಡೆ ನೋಡಿದ. ನಾನು ನನ್ನ ಕಿವಿ ಮುಟ್ಟಿ ತೋರಿಸಿ, ಇಲ್ಲವೆಂದು ತಲೆಯಾಡಿಸಿದೆ.

"ಅವತ್ತ ನಿನಗ ಕೇಳಿಸಿದ್ದಿಲ್ಲೇನೋ ಯಣ್ಣಾ?" ಎಂದು ಅವನು ಕೇಳಿದ.

ಕಣ್ಣು ತುಂಬಿದ್ದರಿಂದ ದಾವಲಸಾಬರಿಗೆ ಅವನ ತುಟಿ ಕಾಣಲಿಲ್ಲ...

ಮಹಾಲಿಂಗಪ್ಪ ಎರಡನೇ ಸಲ ಕೇಳಲಿಲ್ಲ. ಆ ಎಣ್ಣೆಗೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡ.

*ದೂರ ಸರಿದವರಿಗೆಲ್ಲ ಸೊಕ್ಕು ಬಂದಿರುವುದಿಲ್ಲ... ಕೆಲವರು ನಾವು ಬಂದು ಕೇಳಲಿ ಎಂದು ಕಾಯುತ್ತಿರುತ್ತಾರೆ.*

ನಿಮ್ಮ ಗುಂಪಿನಿಂದಲೂ ಸದ್ದಿಲ್ಲದೆ ಎದ್ದುಹೋದವರು ಒಬ್ಬರು ಇದ್ದಾರಲ್ಲವೇ...? ಅವರ ಎದುರು ಹೋಗಿ ನಿಂತು, ಏನಾಯಿತು ಎಂದು ಒಮ್ಮೆಯಾದರೂ ಕೇಳಿದ್ದೀರಾ?